ಅವ್ವನ ಕಿವಿಯಲ್ಲಿ ಹೇಳಿದ ಸಿನಿಮಾಗಳು

ಈ ಸಲದ ಮಳೆಗಾಲ ಪೂರ್ತಿ ಅವ್ವ ನಮ್ಮ ಮನೆಯಲ್ಲಿದ್ದಳು. ಮೇ ಕೊನೆಯಲ್ಲಿ ಎಡಗಾಲಿನ ಮಂಡಿ ಆಪರೇಷನ್ ಆಗಿತ್ತು. ಊರಿನ ಮನೆಗೆ ಮೆಟ್ಟಿಲು ಜಾಸ್ತಿ, ಬಚ್ಚಲು ಹಿತ್ತಲಿನಲ್ಲಿ. ಅದಕ್ಕೇ ಹಟ ಮಾಡಿ ಬೆಂಗಳೂರಿನಲ್ಲೇ ಉಳಿಸಿಕೊಂಡೆ. ಅವ್ವ ನಾಗಮಂಗಲದ ಕಡೆಯ ಹಳ್ಳಿಯವಳು. ಇಪ್ಪತ್ತು ವರ್ಷಕ್ಕೂ ಮೇಲೆ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದವಳು. ಸುಮ್ನೆ ಕೂತು ಅಭ್ಯಾಸ ಇಲ್ಲ. ಸ್ಟೂಲಿನ ಮೇಲೆ ದಿಂಬು, ದಿಂಬಿನ ಮೇಲೆ ಕಾಲು ಇಟ್ಟುಕೊಂಡು ದಿನವಿಡೀ ಕಿಟಕಿ ನೋಡುತ್ತಿದ್ದಳು. ಸಂಜೆಯ ಧಾರಾವಾಹಿಗಳು ಎರಡೇ ವಾರಕ್ಕೆ ಬೇಜಾರಾದವು. "ಮೂರು ದಿನದಿಂದ ಅದೇ ಬಾಗ್ಲತ್ರ ನಿಂತವ್ಳೆ ಕಣವ್ವ ಅವ್ಳು, ಒಳಿಕ್ಕೇ ಬರಕಿಲ್ಲ" ಅಂದಳು ಒಂದಿನ.

ಹಾಗಾಗಿ ರಾತ್ರಿ ಊಟ ಆದಮೇಲೆ ನಾನು ನೋಡುವುದನ್ನೇ ಅವಳಿಗೂ ತೋರಿಸತೊಡಗಿದೆ. ನಾನು ನೋಡುವುದು ಮಲಯಾಳಂ, ಹಿಂದಿ, ಒಮ್ಮೊಮ್ಮೆ ಹೊರದೇಶದ್ದು. ಕೆಳಗೆ ಇಂಗ್ಲಿಷ್ ಸಬ್‌ಟೈಟಲ್ ಓಡುತ್ತಿರುತ್ತದೆ. ಅವ್ವ ಓದಿರುವುದು ನಾಲ್ಕನೇ ಕ್ಲಾಸು. ಕನ್ನಡ ಪೇಪರಿನ ದೊಡ್ಡ ಅಕ್ಷರ ನಿಧಾನಕ್ಕೆ ಕೂಡಿಸಿ ಓದುತ್ತಾಳೆ, ಇಂಗ್ಲಿಷ್ ಬರುವುದಿಲ್ಲ. ಅದಕ್ಕೆ ಪಕ್ಕದಲ್ಲಿ ಕೂತು ಕಿವಿಯಲ್ಲಿ ಹೇಳುವ ಕೆಲಸ ನನ್ನದಾಯಿತು.

ಮೊದಮೊದಲು ಎಲ್ಲವನ್ನೂ ಹೇಳಹೋದೆ. ನಾನು ಒಂದು ಮಾತು ಮುಗಿಸುವಷ್ಟರಲ್ಲಿ ಅಲ್ಲಿ ಎರಡು ಮಾತು ಮುಗಿದಿರುತ್ತಿತ್ತು. ಆಮೇಲೆ ಸಾರಾಂಶ ಹೇಳಿದೆ. "ಅವಳಿಗೆ ಈಗ ಸಿಟ್ಟು ಬಂದಿದೆ ಅವ್ವ" ಅಂದೆ. ಅವ್ವ ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು: "ಸಿಟ್ಟು ಬಂದಿರೋದು ಕಾಣ್ತೈತೆ. ಏನಂದ್ಲು, ಅದ್ನ ಹೇಳು."

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಎಷ್ಟೋ ವರ್ಷದಿಂದ ನಾನು ಸಿನಿಮಾಗಳನ್ನು ಓದುತ್ತಿದ್ದೆ. ಪರದೆಯ ಕೆಳಗಿನ ಎರಡು ಸಾಲಿನ ಮೇಲೇ ನನ್ನ ಕಣ್ಣು. ಅವ್ವ ಮುಖ ನೋಡುತ್ತಿದ್ದಳು, ಕೈ ನೋಡುತ್ತಿದ್ದಳು, ಹಿಂದೆ ಗೋಡೆ ಮೇಲೆ ಏನು ನೇತುಹಾಕಿದ್ದಾರೆ ಅಂತ ನೋಡುತ್ತಿದ್ದಳು. ಈ ಮೂರು ತಿಂಗಳಲ್ಲಿ ನೋಡಿದ್ದರ ಬಗ್ಗೆ ಬರೆಯೋಣ ಅಂತ ಕೂತರೆ ಅವಳನ್ನು ಬಿಟ್ಟು ಬರೆಯಲು ಆಗುತ್ತಿಲ್ಲ. ಕಥೆಯ ಕೊನೆಯನ್ನೂ ಅಲ್ಲಲ್ಲಿ ಹೇಳಿದ್ದೇನೆ. ನೋಡದವರು ಮೊದಲು ನೋಡಿ ಬರಬಹುದು.

ಮೊದಲು 'ದಿ ಗ್ರೇಟ್ ಇಂಡಿಯನ್ ಕಿಚನ್'. ಜಿಯೋ ಬೇಬಿ ಮಾಡಿದ 2021ರ ಮಲಯಾಳಂ ಸಿನಿಮಾ. ಅದು ಬಂದ ಹೊಸದರಲ್ಲೇ ನಾನು ನೋಡಿದ್ದೆ. ಅವ್ವನಿಗೆ ತೋರಿಸಬೇಕೆನ್ನಿಸಿತು, ಜೊತೆಗೆ ಸ್ವಲ್ಪ ಅಳುಕೂ ಇತ್ತು.

ಮೊದಲ ಅರ್ಧ ಗಂಟೆ ನನಗೆ ಕೆಲಸವೇ ಇರಲಿಲ್ಲ. ಮದುವೆಯಾಗಿ ಬಂದ ಹುಡುಗಿ ಅಡಿಗೆಮನೆಗೆ ಹೋಗುತ್ತಾಳೆ. ತರಕಾರಿ ಹೆಚ್ಚುವುದು, ಕಾಯಿ ತುರಿಯುವುದು, ಒಗ್ಗರಣೆ, ಬಡಿಸುವುದು, ಒರೆಸುವುದು, ತೊಳೆಯುವುದು, ಮತ್ತೆ ಹೆಚ್ಚುವುದು. ಗಂಡಸರು ಉಂಡು ಎದ್ದ ಮೇಲೆ ಟೇಬಲ್ಲಿನ ಮೇಲೆ ಅಗಿದು ಬಿಟ್ಟ ನುಗ್ಗೇಕಾಯಿ ಸಿಪ್ಪೆ. ಅವ್ವ ಒಮ್ಮೆಯೂ "ಏನಂದ್ಲು" ಅಂತ ಕೇಳಲಿಲ್ಲ. ಮಾವ ಕುಕ್ಕರಿನ ಅನ್ನ ಬೇಡ, ಒಲೆಯ ಮೇಲೆ ಮಾಡಿದ್ದೇ ಬೇಕು ಅನ್ನುತ್ತಾನೆ. ಚಟ್ನಿ ಮಿಕ್ಸಿಯದಾಗಬಾರದು, ಕಲ್ಲಿನದೇ ಆಗಬೇಕು. ಅಷ್ಟನ್ನು ಕಿವಿಯಲ್ಲಿ ಹೇಳಿದೆ. "ನಿಮ್ತಾತನೂ ಹಂಗೇಯ" ಅಂದಳು ಅವ್ವ. "ಮುದ್ದೆ ಬಿಸಿ ಇಲ್ದಿದ್ರೆ ತಟ್ಟೆ ಹಿಂದಕ್ಕೆ ತಳ್ಳೋರು. ಬೈತಿರ್ಲಿಲ್ಲ. ಸುಮ್ನೆ ತಳ್ಳೋರು."

ಈ ಸಿನಿಮಾದ ದೊಡ್ಡ ಗುಣ ಇಲ್ಲೇ ಇದೆ. ಆ ಮನೆಯಲ್ಲಿ ಯಾರೂ ಹೊಡೆಯುವುದಿಲ್ಲ, ಕೂಗಾಡುವುದೂ ಕಡಿಮೆ. ಮಾವ ಮೆತ್ತಗೇ ಮಾತಾಡುತ್ತಾನೆ. ಅವನ ಹಲ್ಲುಜ್ಜುವ ಬ್ರಷ್ಷಿಗೆ ಪೇಸ್ಟ್ ಹಾಕಿ ಹೆಂಡತಿ ತಂದು ಕೈಗೆ ಕೊಡುತ್ತಾಳೆ. ಅಡಿಗೆಮನೆಯ ಸಿಂಕಿನ ಪೈಪು ಸೋರುತ್ತಿರುತ್ತದೆ. ರಿಪೇರಿಯವನನ್ನು ಕರೆಸಿ ಅಂತ ಹುಡುಗಿ ಗಂಡನಿಗೆ ಹೇಳುತ್ತಾಳೆ. ಮತ್ತೆ ಹೇಳುತ್ತಾಳೆ. ಅವನಿಗೆ ಮರೆತುಹೋಗುತ್ತದೆ. ಕೆಳಗಿಟ್ಟ ಪಾತ್ರೆಗೆ ಕೊಳಕು ನೀರು ತೊಟ್ಟಿಕ್ಕುತ್ತಲೇ ಇರುತ್ತದೆ. ಒಂದು ಪೈಪಿನಿಂದ ಇಡೀ ಮದುವೆಯ ಕಥೆ ಹೇಳುತ್ತಾರಲ್ಲ, ಅದು ನನಗೆ ಬಹಳ ಇಷ್ಟ. ಎಲ್ಲ ವಯಸ್ಸಿನ ಹೆಂಗಸರನ್ನೂ ದೇವಸ್ಥಾನದೊಳಗೆ ಬಿಡಬೇಕು ಅನ್ನುವ ಶಬರಿಮಲೆ ತೀರ್ಪಿನ ಗಲಾಟೆ ಕಥೆಯೊಳಗೆ ಬಂದಮೇಲೆ ಮಾತು ಜಾಸ್ತಿಯಾಗುತ್ತದೆ. ಆ ಭಾಗ ಬೇಕು ಅನ್ನುವವರ ವಾದ ನನಗೆ ಗೊತ್ತು, ಮುಟ್ಟಿನ ಮೂರು ದಿನದ ದೃಶ್ಯಗಳಿಗೂ ಅದಕ್ಕೂ ಸಂಬಂಧ ಇದೆ. ಆದರೂ ಆ ಮಾತುಗಳಿಗಿಂತ ಆ ಪೈಪೇ ನನ್ನನ್ನು ಜಾಸ್ತಿ ಕಾಡಿತು.

ಕೊನೆಗೆ ಹುಡುಗಿ ಮನೆ ಬಿಟ್ಟು ಹೋಗುತ್ತಾಳೆ. ಗಂಡ ಇನ್ನೊಂದು ಮದುವೆಯಾಗಿರುತ್ತಾನೆ. ಅದೇ ಅಡಿಗೆಮನೆಯಲ್ಲಿ ಹೊಸ ಹುಡುಗಿ. ನಾನು 2021ರಲ್ಲಿ ನೋಡಿದಾಗ ಮೊದಲನೆಯವಳ ನಡಿಗೆ ನೋಡಿ ಎದ್ದು ನಿಂತು ಚಪ್ಪಾಳೆ ಹೊಡೆಯುವ ಹಾಗಾಗಿತ್ತು. ಅವ್ವ ಹಾಗೇನೂ ಮಾಡಲಿಲ್ಲ. ಟಿವಿ ಆಫ್ ಮಾಡಿ ಅವಳ ಕಾಲಿನ ಕೆಳಗಿನ ದಿಂಬು ಸರಿ ಮಾಡುತ್ತಿದ್ದೆ. ಆಗ ಕೇಳಿದಳು:

"ಆ ಪೈಪು ಮಾಡಿಸ್ದನಾ ಅವ್ನು? ಹೊಸುಡ್ಗಿ ಬಂದ್ಮೇಲಾದ್ರೂವೆ?"

ಹಿಂದಿ ಸೀರೀಸ್‌ಗಳಲ್ಲಿ 'ಪಂಚಾಯತ್' ಹಾಕಿದೆ. ಉತ್ತರಪ್ರದೇಶದ ಫುಲೇರಾ ಅನ್ನುವ ಕಾಲ್ಪನಿಕ ಹಳ್ಳಿ. ಬೇರೆ ಕೆಲಸ ಸಿಗದೆ ಪಂಚಾಯಿತಿ ಕಾರ್ಯದರ್ಶಿಯಾಗಿ ಬಂದ ಪಟ್ಟಣದ ಹುಡುಗ. 2020ರಿಂದ 2025ರವರೆಗೆ ನಾಲ್ಕು ಸೀಸನ್ ಬಂದಿವೆ. ಹದಿನೈದು ದಿನದಲ್ಲಿ ನಾಲ್ಕನ್ನೂ ಮುಗಿಸಿದೆವು.

ಅವ್ವನಿಗೆ ಅದರಲ್ಲಿ ಹೊಸದೇನೂ ಇರಲಿಲ್ಲ. ಹೆಂಗಸಿನ ಹೆಸರಲ್ಲಿ ಗೆದ್ದು ಗಂಡ ಅಧಿಕಾರ ನಡೆಸುವುದನ್ನು ಅವಳು ಕಣ್ಣಾರೆ ನೋಡಿದ್ದಾಳೆ. ನಮ್ಮಲ್ಲಿ 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲೇ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲಿಟ್ಟಿದ್ದರು. ಇಡೀ ದೇಶಕ್ಕೆ ಅದು ಕಾನೂನಾಗುವುದಕ್ಕೆ ಎಷ್ಟೋ ಮೊದಲು. ಅವ್ವ ಆಗ ಹೊಸದಾಗಿ ಮದುವೆಯಾಗಿ ಬಂದಿದ್ದಳು. ಗೆದ್ದ ಹೆಂಗಸು ಮೀಟಿಂಗಿಗೆ ಹೋಗಿ ಸೆರಗು ಹೊದ್ದು ಹಿಂದಿನ ಬೆಂಚಿನಲ್ಲಿ ಕೂತು ಬರುತ್ತಿದ್ದಳಂತೆ. ಎರಡು ವರ್ಷ ಹಾಗೆ ಕೂತವಳು ಮೂರನೇ ವರ್ಷ ಬೋರ್‌ವೆಲ್ ವಿಷಯಕ್ಕೆ ಎದ್ದು ನಿಂತು ಜಗಳ ಆಡಿದ್ದಳಂತೆ. "ಅವತ್ತು ಅವಳ ಗಂಡ ಊಟ ಮಾಡ್ಲಿಲ್ಲ, ಗೊತ್ತಾ" ಅಂತ ಅವ್ವ ನೆನಪಿಸಿಕೊಂಡು ನಕ್ಕಳು.

ಅದಕ್ಕೇ ಇರಬೇಕು, ಮೊದಲ ಸೀಸನ್ನಿನ ಕೊನೆಯ ಕಂತು ಅವಳಿಗೆ ಬಹಳ ಹಿಡಿಸಿತು. ಗಣರಾಜ್ಯೋತ್ಸವದ ದಿನ ಪಂಚಾಯಿತಿ ಅಧ್ಯಕ್ಷೆ ಮಂಜು ದೇವಿಯೇ ಬಾವುಟ ಹಾರಿಸಬೇಕು. ರಾಷ್ಟ್ರಗೀತೆ ಬರುವುದಿಲ್ಲ. ಮನೆಯಲ್ಲಿ ಕೂತು ಸಾಲು ಸಾಲಾಗಿ ಕಲಿಯುತ್ತಾಳೆ. ನೀನಾ ಗುಪ್ತಾ ಆ ಪಾತ್ರವನ್ನು ಎಷ್ಟು ಹದವಾಗಿ ಮಾಡಿದ್ದಾರೆ ಅಂದರೆ, ಹಾಡುವಾಗ ತುಟಿ ಸ್ವಲ್ಪ ತಡವರಿಸಿದರೂ ನಮಗೆ ಎದೆ ಢವಢವ ಅನ್ನುತ್ತದೆ. ರಾಷ್ಟ್ರಗೀತೆಗೆ ನನ್ನ ಸಹಾಯ ಬೇಕಿರಲಿಲ್ಲ. ಅಂಗನವಾಡಿ ಮಕ್ಕಳಿಗೆ ಹೇಳಿಕೊಟ್ಟ ಬಾಯಿ, ಜೊತೆಗೇ ಹಾಡಿದಳು ಅವ್ವ.

ಎರಡನೇ ಸೀಸನ್ನಿನ ಕೊನೆಯಲ್ಲಿ ಪಂಚಾಯಿತಿ ಉಪಾಧ್ಯಕ್ಷ ಪ್ರಹ್ಲಾದನ ಸೈನಿಕ ಮಗನ ಸಾವಿನ ಸುದ್ದಿ ಬರುತ್ತದಲ್ಲ, ಅಲ್ಲಿ ಇಬ್ಬರೂ ಅತ್ತೆವು. ಆಮೇಲಿನದ್ದು ನನಗೆ ಅಷ್ಟು ಹಿಡಿಸಲಿಲ್ಲ. ನಾಲ್ಕನೇ ಸೀಸನ್ ಪೂರ್ತಿ ಚುನಾವಣೆ. ಒಂದು ಕಡೆ ಸೋರೆಕಾಯಿ ಗುರುತು, ಇನ್ನೊಂದು ಕಡೆ ಕುಕ್ಕರ್. ಮೊದಲು ಚಕ್ರ ಇರುವ ಒಂದು ಆಫೀಸ್ ಕುರ್ಚಿ, ಒಂದು ಬೀದಿ ದೀಪ ಇಟ್ಟುಕೊಂಡೇ ಕಥೆ ಮಾಡುತ್ತಿದ್ದ ಸೀರೀಸು ಇದು. ಈಗ ಊರಿನ ಎರಡು ಗುಂಪಿನ ಜಿದ್ದಿಗೆ ಬಿದ್ದು ಆ ಸಣ್ಣ ವಿಷಯಗಳನ್ನು ಕಳಕೊಂಡಿದೆ. ಐದನೆಯದು ಬಂದರೂ ನೋಡುತ್ತೇನೆ. ಆ ಜನರ ಮೇಲಿನ ಪ್ರೀತಿ ಅಷ್ಟು ಬೇಗ ಹೋಗುವುದಿಲ್ಲ.

ನಡುವೆ ಒಂದು ಕ್ರೈಂ ಸೀರೀಸ್ ಶುರು ಮಾಡಿ ಎರಡನೇ ಕಂತಿಗೆ ಬಿಟ್ಟೆವು. ಎಲ್ಲರೂ ಒಂದೇ ಸಮನೆ ಮಾತಾಡುತ್ತಾರೆ, ಯಾರ ಮುಖದಲ್ಲೂ ಏನೂ ನಡೆಯುವುದಿಲ್ಲ. ಕಿವಿಯಲ್ಲಿ ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಆಗಲೇ ನನಗೆ ಒಂದು ಅಳತೆಗೋಲು ಸಿಕ್ಕ ಹಾಗಾಯಿತು. ನಾನು ಕಡಿಮೆ ಹೇಳಿದಷ್ಟೂ ಸಿನಿಮಾ ಒಳ್ಳೆಯದಿರುತ್ತಿತ್ತು.

ಹಾಗೆ ನೋಡಿದರೆ ಬಹಳ ಕಡಿಮೆ ಹೇಳಿದ್ದು 'ಪರ್ಫೆಕ್ಟ್ ಡೇಸ್'ಗೆ. 2023ರ ಜಪಾನಿ ಭಾಷೆಯ ಸಿನಿಮಾ, ನಿರ್ದೇಶಕ ಜರ್ಮನಿಯ ವಿಮ್ ವೆಂಡರ್ಸ್. ಮುಖ್ಯ ಪಾತ್ರ ಮಾಡಿದ ಕೋಜಿ ಯಾಕುಶೋ ಅವರಿಗೆ ಕಾನ್ ಚಿತ್ರೋತ್ಸವದಲ್ಲಿ ಉತ್ತಮ ನಟ ಪ್ರಶಸ್ತಿ ಬಂತು. ಟೋಕಿಯೋದಲ್ಲಿ ಸಾರ್ವಜನಿಕ ಶೌಚಾಲಯ ತೊಳೆಯುವ ಹಿರಾಯಾಮಾ ಅನ್ನುವ ಮನುಷ್ಯನ ದಿನಗಳು, ಅಷ್ಟೇ ಕಥೆ. ಬೆಳಗಿನ ಜಾವ ಏಳುತ್ತಾನೆ. ಹಾಸಿಗೆ ಮಡಚುತ್ತಾನೆ. ಪುಟ್ಟ ಗಿಡಗಳಿಗೆ ನೀರು ಚಿಮುಕಿಸುತ್ತಾನೆ. ಮನೆ ಬಾಗಿಲಲ್ಲಿ ನಿಂತು ಒಮ್ಮೆ ಆಕಾಶ ನೋಡುತ್ತಾನೆ. ಮೆಷಿನ್ನಿನಿಂದ ಡಬ್ಬಿ ಕಾಫಿ ತಗೊಂಡು, ವ್ಯಾನಿನಲ್ಲಿ ಹಳೆಯ ಕ್ಯಾಸೆಟ್ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಾನೆ.

ಇದು ಅವ್ವನಿಗೆ ಬೇಜಾರಾಗಬಹುದು ಅಂದುಕೊಂಡಿದ್ದೆ. ಅವ್ವ ಮುಂದಕ್ಕೆ ಬಾಗಿ ಕೂತಳು. ಅವನ ಕೈಯನ್ನೇ ನೋಡುತ್ತಿದ್ದಳು. ಬಟ್ಟೆ ಹೇಗೆ ಮಡಚುತ್ತಾನೆ, ಎಲ್ಲಿಂದ ಶುರು ಮಾಡಿ ಎಲ್ಲಿಗೆ ಮುಗಿಸುತ್ತಾನೆ, ಯಾರಾದರೂ ಒಳಗೆ ಬಂದರೆ ಹೇಗೆ ಸದ್ದಿಲ್ಲದೆ ಆಚೆ ಬಂದು ಗೋಡೆಗೆ ಒರಗಿ ನಿಲ್ಲುತ್ತಾನೆ. ಕಣ್ಣಿಗೆ ಕಾಣದ ತಳಭಾಗಕ್ಕೆ ಒಂದು ಸಣ್ಣ ಕನ್ನಡಿ ಹಿಡಿದು, ಕೊಳೆ ಉಳಿದಿದೆಯಾ ಅಂತ ನೋಡುತ್ತಾನೆ. ಅಲ್ಲಿ ಅವ್ವ ನನ್ನ ಮೊಣಕೈ ಹಿಡಿದುಕೊಂಡಳು.

"ನೋಡವ್ವ. ಅದು ಕೆಲ್ಸ."

ಅಂಗನವಾಡಿಯಲ್ಲಿ ಅವ್ವ ನೆಲ ಒರೆಸಿದ್ದಾಳೆ, ಮಕ್ಕಳ ಮೂಗು ಒರೆಸಿದ್ದಾಳೆ, ಕುಂಡಿ ತೊಳೆದಿದ್ದಾಳೆ, ಉಪ್ಪಿಟ್ಟು ಬೇಯಿಸಿ ಬಡಿಸಿದ್ದಾಳೆ. ತಪಾಸಣೆಗೆ ಬಂದವರು ರಿಜಿಸ್ಟರ್ ನೋಡಿ ಹೋಗುತ್ತಿದ್ದರಂತೆ. ಮೂಲೆ ಗುಡಿಸಿದೆಯಾ ಅಂತ ಒಬ್ಬರೂ ನೋಡಲಿಲ್ಲವಂತೆ. "ಆದ್ರೂ ನಾನು ಮೂಲೆ ಗುಡಿಸ್ದೇ ಬರ್ತಿರ್ಲಿಲ್ಲ" ಅಂದಳು. ಇದನ್ನು ಅವಳು ಇದುವರೆಗೆ ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಆ ಶೌಚಾಲಯಗಳು ನಿಜವಾದವು. ಟೋಕಿಯೋದ ಶಿಬುಯಾ ಭಾಗದಲ್ಲಿ ಹೆಸರಾಂತ ವಾಸ್ತುಶಿಲ್ಪಿಗಳಿಂದ ವಿನ್ಯಾಸ ಮಾಡಿಸಿ 17 ಕಟ್ಟಿಸಿದ್ದಾರೆ. ಒಂದಕ್ಕೆ ಗಾಜಿನ ಗೋಡೆ. ಹೊರಗಿನಿಂದ ಒಳಗೆಲ್ಲ ಕಾಣುತ್ತದೆ. ಚಿಲಕ ಹಾಕಿದ ತಕ್ಷಣ ಗಾಜು ಮಬ್ಬಾಗುತ್ತದೆ. ಅದನ್ನು ಅವ್ವ ಎರಡು ಸಲ ಹಿಂದಕ್ಕೆ ಹಾಕಿಸಿ ನೋಡಿದಳು. "ಚಿಲ್ಕ ಹಾಕಾದು ಮರ್ತ್ರೆ?" ಅಂತ ಗಾಬರಿಯಿಂದ ಕೇಳಿದಳು.

ಕೆಲವರು ಈ ಸಿನಿಮಾ ಬಡತನವನ್ನು ಚೆಂದ ಮಾಡಿ ತೋರಿಸುತ್ತದೆ ಅನ್ನುತ್ತಾರೆ. ಆ ಮಾತನ್ನು ತಳ್ಳಿಹಾಕಲಾರೆ. ಅಷ್ಟು ಥಳಥಳ ಹೊಳೆಯುವ ಶೌಚಾಲಯ ನಮ್ಮ ಪೌರಕಾರ್ಮಿಕರ ಪಾಲಿಗೆ ಇಲ್ಲ. ಕೈಗವಸೂ ಇಲ್ಲದೆ ಕೆಲಸ ಮಾಡುವವರನ್ನು ನಮ್ಮ ರಸ್ತೆಯಲ್ಲೇ ನೋಡುತ್ತೇನೆ. ಆದರೆ ಹಿರಾಯಾಮಾನ ತಂಗಿ ದೊಡ್ಡ ಕಾರಿನಲ್ಲಿ ಬಂದು, ನೀನು ನಿಜವಾಗಲೂ ಟಾಯ್ಲೆಟ್ ತೊಳೆಯುತ್ತೀಯಾ ಅಂತ ಕೇಳುವ ದೃಶ್ಯವೂ ಅದರಲ್ಲೇ ಇದೆ. ಅವನು ಹೌದು ಅನ್ನುತ್ತಾನೆ. ಅವಳನ್ನು ಅಪ್ಪಿಕೊಳ್ಳುತ್ತಾನೆ. ಅವಳು ಹೋದಮೇಲೆ ಅಳುತ್ತಾನೆ. ಅಷ್ಟರಿಂದ ಅವನ ಹಿಂದಿನ ಬದುಕು ಬೇರೆಯೇ ಇತ್ತು ಅಂತ ತಿಳಿಯುತ್ತದೆ. ಅವನು ಈ ಬದುಕನ್ನು ಆರಿಸಿಕೊಂಡಿದ್ದಾನೆ, ಅದಕ್ಕೆ ಬೆಲೆಯನ್ನೂ ಕೊಟ್ಟಿದ್ದಾನೆ. ಕೊನೆಯಲ್ಲಿ ವ್ಯಾನ್ ಓಡಿಸುತ್ತಾ ಅವನ ಮುಖ ನಗುತ್ತದೆ, ಕಣ್ಣು ತುಂಬುತ್ತದೆ, ಮತ್ತೆ ನಗುತ್ತದೆ. ಆ ಮುಖವನ್ನು ಅವ್ವ ಉಸಿರು ಬಿಗಿಹಿಡಿದು ನೋಡಿದಳು. ನಾನು ಒಂದು ಮಾತೂ ಹೇಳಲಿಲ್ಲ.

ಅದಾದ ಮಾರನೇ ದಿನ ಅವ್ವ ಕೇಳಿದ್ದು: "ನಮ್ ಮಾತ್ನಲ್ಲಿ ಇಂಥದ್ದು ಇಲ್ವೇನವ್ವ?"

ಇದೆ ಅಂದೆ. 'ತಿಥಿ' ಹಾಕಿದೆ.

2016ರ ಮೇನಲ್ಲಿ 'ತಿಥಿ' ಇಲ್ಲಿ ಬಿಡುಗಡೆಯಾದಾಗ ಥಿಯೇಟರಿನಲ್ಲಿ ನೋಡಿದ್ದೆ. ಅದಕ್ಕೆ ಮೊದಲೇ, 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಪಡೆದಿತ್ತು. ನಿರ್ದೇಶಕ ರಾಮ್ ರೆಡ್ಡಿ, ಜೊತೆಗೆ ಬರೆದವರು ಈರೇಗೌಡ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ತೆಗೆದದ್ದು. ನಟಿಸಿದವರು ಅಲ್ಲಿನ ಸುತ್ತಮುತ್ತಲ ಹಳ್ಳಿಯ ಜನ, ಅದಕ್ಕೆ ಮೊದಲು ಕ್ಯಾಮೆರಾ ಮುಂದೆ ನಿಂತವರಲ್ಲ. ನೂರೊಂದು ವರ್ಷದ ಸೆಂಚುರಿ ಗೌಡ ತೀರಿಕೊಳ್ಳುತ್ತಾನೆ. ಹನ್ನೊಂದನೇ ದಿನದ ತಿಥಿಯವರೆಗೆ ಅವನ ಮಗ ಗಡ್ಡಪ್ಪ, ಮೊಮ್ಮಗ ತಮ್ಮಣ್ಣ, ಮರಿಮಗ ಅಭಿ ಏನೇನು ಮಾಡುತ್ತಾರೆ ಅನ್ನುವುದು ಕಥೆ.

ಅವತ್ತು ನನ್ನ ಹತ್ತನೇ ಕ್ಲಾಸಿನ ಮಗನೂ ಬಂದು ಕೂತ. ಅವನು ಬೆಂಗಳೂರಿನಲ್ಲೇ ಬೆಳೆದವನು. ಹತ್ತು ನಿಮಿಷಕ್ಕೇ ಅವನಿಗೆ ತೊಡಕಾಯಿತು. "ಅಜ್ಜಿ, ಏನಂದ ಅವ್ನು?" ಅಂತ ಕೇಳಿದ. ಅವ್ವ ಅವನ ಕಿವಿಯ ಹತ್ತಿರ ಬಾಗಿ ಹೇಳಿದಳು. ಐದು ನಿಮಿಷಕ್ಕೆ ಮತ್ತೆ ಕೇಳಿದ, ಮತ್ತೆ ಹೇಳಿದಳು. ಎರಡು ತಿಂಗಳಿಂದ ನಾನು ಕೂರುತ್ತಿದ್ದ ಜಾಗದಲ್ಲಿ ಈಗ ಅವ್ವ. ನಾನು ಆರಾಮವಾಗಿ ಗೋಡೆಗೆ ಒರಗಿ ಇಬ್ಬರನ್ನೂ ನೋಡುತ್ತಾ ಕೂತೆ.

ಥಿಯೇಟರಿನಲ್ಲಿ ಜನ ಬಿದ್ದು ಬಿದ್ದು ನಕ್ಕ ಕಡೆ ಅವ್ವ ನಗಲಿಲ್ಲ. ಸೆಂಚುರಿ ಗೌಡ ಬೀದಿಯಲ್ಲಿ ಕೂತು ಹೋಗುವವರಿಗೆಲ್ಲ ಬೈಯುವುದು ಅವಳಿಗೆ ನಗುವ ವಿಷಯವೇ ಅಲ್ಲ. ಅಂಥ ಮುದುಕರು ಪ್ರತಿ ಊರಿನಲ್ಲೂ ಒಬ್ಬರಿರುತ್ತಾರೆ. ಅವಳು ನಕ್ಕಿದ್ದು ತಮ್ಮಣ್ಣ ಜಮೀನಿನ ಕಾಗದ ಹಿಡಿದು ಅಲೆಯುವಾಗ. ಜಮೀನು ತಾತನ ಹೆಸರಲ್ಲಿದೆ. ಅದು ಅಪ್ಪನಿಗೆ ಬರಬೇಕು. ಅಪ್ಪ ಗಡ್ಡಪ್ಪನಿಗೆ ಅದರ ಗೊಡವೆಯೇ ಇಲ್ಲ. ಅದಕ್ಕೇ ತಮ್ಮಣ್ಣ ಬದುಕಿರುವ ಅಪ್ಪನನ್ನು ಕಾಗದದಲ್ಲಿ ಸಾಯಿಸಲು ಹೊರಡುತ್ತಾನೆ. ನಮ್ಮಪ್ಪ ತೀರಿಕೊಂಡಮೇಲೆ, ಸತ್ತವರ ಜಮೀನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಅವ್ವ ಎಷ್ಟು ಸಲ ಓಡಾಡಿದ್ದಳು ಅಂತ ನನಗೆ ಗೊತ್ತು. ವಂಶವೃಕ್ಷ ತಾ, ಅದು ತಾ, ಇದು ತಾ. ತಮ್ಮಣ್ಣನ ಮುಖದ ಸುಸ್ತು ಅವಳಿಗೆ ತನ್ನದೇ ಅನ್ನಿಸಿರಬೇಕು. ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು.

ಗಡ್ಡಪ್ಪನ ವಿಷಯಕ್ಕೆ ಮಾತ್ರ ನಮ್ಮಿಬ್ಬರಿಗೂ ಜಗಳ. ಹೊಲ ಬೇಡ, ಮನೆ ಬೇಡ, ಬೀಡಿ ಸೇದುತ್ತಾ ಊರಾಚೆ ನಡೆಯುತ್ತಾ ಇರುವ ಗಡ್ಡಪ್ಪ ನನಗೆ ದೊಡ್ಡ ಮನುಷ್ಯ. ಸಾಧು ಸನ್ಯಾಸಿಗಳಿಗಿಂತ ಹಗುರಾಗಿದ್ದಾನೆ ಅನ್ನಿಸುತ್ತದೆ. ಅವ್ವ ಒಪ್ಪಲಿಲ್ಲ. "ಇವ್ನು ಹಿಂಗೆ ತಿರುಗ್ತಿದ್ರೆ ಮನೆ ನೋಡ್ಕಂಡೋರು ಯಾರು? ಅದ್ನ ತೋರಿಸ್ನೇ ಇಲ್ವಲ್ಲ" ಅಂದಳು. ಅವಳು ಹೇಳಿದ ಮೇಲೆ ಯೋಚನೆ ಮಾಡಿದೆ. ಈ ಸಿನಿಮಾ ನಾಲ್ಕು ತಲೆಮಾರಿನ ಗಂಡಸರದು. ಆ ಮನೆಯ ಹೆಂಗಸರು ಹಿಂದೆ ಓಡಾಡುತ್ತಾರೆ, ಅವರ ಕಥೆ ಬಹಳ ಕಡಿಮೆ. ಇಷ್ಟು ವರ್ಷದಲ್ಲಿ ನನಗೆ ಅದು ಹೊಳೆದಿರಲಿಲ್ಲ.

ಆದರೆ ಗಡ್ಡಪ್ಪ ಕುರಿ ಕಾಯುವವರ ಜೊತೆ ಸೇರಿ, ರಾತ್ರಿ ಬೆಂಕಿಯ ಮುಂದೆ ಕೂತು ತನ್ನ ಬದುಕಿನಲ್ಲಿ ನಡೆದದ್ದನ್ನು ಹೇಳುತ್ತಾನಲ್ಲ, ಅಲ್ಲಿ ಅವ್ವ ಮೌನವಾದಳು. ಮಗ ಏನೋ ಕೇಳಿದ, ಅವಳು ಉತ್ತರ ಕೊಡಲಿಲ್ಲ. ಬೆಳಿಗ್ಗೆ ಕಾಫಿ ಲೋಟ ಕೈಗೆ ಕೊಟ್ಟಾಗ, ನಾನು ಏನೂ ಕೇಳದೆ ಅವಳೇ ಅಂದಳು: "ಪಾಪ ಕಣವ್ವ, ಗಡ್ಡಪ್ಪ."

ಆಮೇಲೆ ಕನ್ನಡದ್ದೇ ಇನ್ನೊಂದು ಹಾಕು ಅಂತ ಹಟ. ಸಿನಿಮಾಗಳು ಸಿಕ್ಕವು. ಸೀರೀಸ್ ಹುಡುಕುವುದು ಕಷ್ಟವಾಯಿತು. ಕರಾವಳಿಯ ಏಳು ಕಥೆಗಳ 'ಏಕಂ' ಮಾಡಿದವರಿಗೆ ಯಾವ ದೊಡ್ಡ ಒಟಿಟಿಯೂ ಜಾಗ ಕೊಡದೆ, 2024ರ ಜುಲೈಯಲ್ಲಿ ತಮ್ಮದೇ ವೆಬ್‌ಸೈಟ್ ಮಾಡಿ ಅದರಲ್ಲಿ ಬಿಟ್ಟರು. ಅದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟ ಆಗುತ್ತದೆ. ಆರು ಕೋಟಿಗೂ ಮೇಲೆ ಜನ ಇರುವ ರಾಜ್ಯ ನಮ್ಮದು. ಮಲಯಾಳಂ, ತಮಿಳು, ತೆಲುಗಿನಲ್ಲಿ ಸಾಲು ಸಾಲು ಸೀರೀಸ್ ಬರುವಾಗ ಕನ್ನಡದ್ದು ಬೆರಳಲ್ಲಿ ಎಣಿಸಬೇಕು. ನಾವೂ ಕೈ ಹಿಡಿಯಬೇಕು, ಬಂದದ್ದನ್ನು ಕಾಸು ಕೊಟ್ಟು ನೋಡಬೇಕು.

ಇನ್ನೊಂದು ವಿಷಯದಲ್ಲಿ ನನ್ನ ಅಭಿಪ್ರಾಯ ಈ ಮಳೆಗಾಲದಲ್ಲಿ ಬದಲಾಯಿತು. ನಮ್ಮಲ್ಲಿ ಹತ್ತಾರು ವರ್ಷ ಡಬ್ಬಿಂಗ್ ಬೇಡ ಅನ್ನುವ ಕಟ್ಟು ಇತ್ತು. 2015ರಲ್ಲಿ, ವ್ಯಾಪಾರದಲ್ಲಿ ಪೈಪೋಟಿ ತಡೆಯುವುದನ್ನು ವಿಚಾರಿಸುವ ಭಾರತೀಯ ಸ್ಪರ್ಧಾ ಆಯೋಗ ಅದನ್ನು ತಪ್ಪು ಅಂತ ಹೇಳಿದಾಗ ನಾನು ಡಬ್ಬಿಂಗ್ ವಿರೋಧಿಸುವವರ ಕಡೆಗಿದ್ದೆ. ತುಟಿ ಒಂದು ಹೇಳಿದರೆ ದನಿ ಇನ್ನೊಂದು ಹೇಳುತ್ತದೆ ಅನ್ನುವ ಸಿಟ್ಟು ಈಗಲೂ ಇದೆ. ಆದರೆ ಪಕ್ಕದಲ್ಲಿ ಹೇಳುವ ಮಗಳು ಇಲ್ಲದ ಎಷ್ಟು ಅವ್ವಂದಿರಿದ್ದಾರೆ? ಒಳ್ಳೆಯ ಡಬ್ಬಿಂಗ್ ಬರಲಿ. ಕನ್ನಡದಲ್ಲಿ ಸಬ್‌ಟೈಟಲ್ ಬರಲಿ, ದೊಡ್ಡ ಅಕ್ಷರದಲ್ಲಿ, ನಿಧಾನಕ್ಕೆ. ಅವ್ವ ಕೂಡಿಸಿ ಓದಿಕೊಳ್ಳುತ್ತಾಳೆ.

ಗೌರಿ ಹಬ್ಬಕ್ಕೆ ಅವ್ವನನ್ನು ಊರಿಗೆ ಬಿಟ್ಟು ಬಂದೆ. ಕೋಲು ಹಿಡಿದು ನಿಧಾನಕ್ಕೆ ಓಡಾಡುತ್ತಾಳೆ ಈಗ. ಹಬ್ಬದ ಮಾರನೇ ದಿನ ಮಧ್ಯಾಹ್ನ ಜಗಲಿಯಲ್ಲಿ ಅವ್ವ, ಚಿಕ್ಕವ್ವ, ಎದುರುಮನೆಯ ಇಬ್ಬರು ಕೂತು ಸೊಪ್ಪು ಬಿಡಿಸುತ್ತಿದ್ದರು. ನಾನು ಒಳಗೆ ಬಟ್ಟೆ ಮಡಚುತ್ತಿದ್ದೆ.

"ಜಪಾನ್ ದೇಸ್ದಲ್ಲಿ ಒಬ್ಬ ಅವ್ನೆ ಕಣೆ" ಅಂತ ಅವ್ವನ ದನಿ ಕೇಳಿಸಿತು. "ಕಕ್ಕಸು ತೊಳೆಯೋನು. ಕೋಳಿ ಕೂಗೋ ಹೊತ್ಗೆ ಏಳ್ತಾನೆ. ಹಾಸ್ಗೆ ಮಡುಗ್ತಾನೆ. ಚಿಕ್ ಚಿಕ್ ಗಿಡ ಮಡೀಕಂಡವ್ನೆ, ಅವುಕ್ಕೆ ನೀರಾಕ್ತಾನೆ. ಬಾಗ್ಲಲ್ಲಿ ನಿಂತ್ಕಂಡು ಮೇಲೆ ನೋಡ್ತಾನೆ."

"ಹೆಂಡ್ರು ಮಕ್ಳು?" ಚಿಕ್ಕವ್ವ ಕೇಳಿದಳು.

"ಕಾಣೆ. ಇದ್ರೋ ಏನೋ. ಅವ್ನು ಹೇಳಕಿಲ್ಲ."

"ಆಮೇಕೆ?"

"ಆಮೇಕೇನು. ಕೆಲ್ಸ ಮಾಡ್ತಾನೆ. ಕನ್ನಡಿ ಇಟ್ಟು ನೋಡ್ತಾನೆ, ಕೊಳೆ ಹೋಯ್ತೋ ಇಲ್ವೋ ಅಂತ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಸೊಪ್ಪಿನ ದಂಟು ಮುರಿಯುವ ಸದ್ದು ಮಾತ್ರ.

"ಆಮೇಕೆ, ಅಕ್ಕ?"

"ಮಾರ್ನೇ ದಿನ ಏಳ್ತಾನೆ" ಅಂದಳು ಅವ್ವ. "ಗಿಡಕ್ಕೆ ನೀರಾಕ್ತಾನೆ."